ಎಣ್ಣೆ ಬಿಡಿಸುವ ಜಾಗ ಎಲ್ಲಿದೆ?

ನಮ್ಮನೆಯವರು ಕುಡಿಯುವಾಗ ಇಡೀ ಮಧುಗಿರಿಗೆ ಗೊತ್ತಾಗುವ ಹಾಗೆ ಕುಡಿದರು. ಬಿಡುವಾಗ ಮಾತ್ರ ಒಂದು ನರಪಿಳ್ಳೆಗೂ ಗೊತ್ತಾಗಬಾರದು ಅಂತ ಹಟ ಹಿಡಿದರು. ನಮ್ಮ ಮನೆಯ ಎಡವಟ್ಟುಗಳು ಶುರುವಾಗಿದ್ದು ಅಲ್ಲಿಂದ. ಇವತ್ತಿಗೂ ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ಅವರು ಪೇಂಟರ್. ಒಳ್ಳೆಯ ಪೇಂಟರ್. ಗೋಡೆಯಲ್ಲಿ ಎರಡು ಬಣ್ಣ ಸೇರುವ ಕಡೆ ಟೇಪು ಅಂಟಿಸದೆ ಬರಿಗೈಯಲ್ಲೇ ನೇರ ಗೆರೆ ಎಳೆಯುತ್ತಿದ್ದರು. ಒಂದು ದಿನ ಯಾರದೋ ಹೊಸ ಮನೆಯ ದೇವರ ಕೋಣೆಯಲ್ಲಿ ಆ ಗೆರೆ ಹಾವಿನ ಹಾಗೆ ಹರಿಯಿತು. ಮನೆಯ ಯಜಮಾನರು ಬೈಯಲೂ ಇಲ್ಲವಂತೆ. "ನಾಳೆಯಿಂದ ಬರೋದು ಬೇಡ ಬಿಡಿ" ಅಂದರಂತೆ, ಅಷ್ಟೇ. ಮಧ್ಯಾಹ್ನಕ್ಕೇ ಮನೆಗೆ ಬಂದು ನನ್ನ ಮೆಷಿನ್ ಪಕ್ಕ ನೆಲದ ಮೇಲೆ ಕೂತರು. ಬೆರಳುಗಳನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ ನೋಡಿಕೊಂಡರು.

"ನನ್ನೊಬ್ಬನ ಕೈಲಿ ಆಗಾಕಿಲ್ಲ ಕಣೇ. ಬಿಟ್ಟಿರೋರು ಯಾರಾದ್ರೂ ಇದ್ರೆ ಅವರತ್ರ ಕರ್ಕಂಡು ಹೋಗು" ಅಂದರು.

ಮದುವೆಯಾದಾಗಿನಿಂದ ಅವರು ನನ್ನನ್ನು "ಕರ್ಕಂಡು ಹೋಗು" ಅಂತ ಕೇಳಿದ್ದು ಅದೇ ಮೊದಲು. ಕತ್ತರಿ ಕೆಳಗಿಟ್ಟು ಎದ್ದೆ.

ಗಾಣ

ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅಲ್ಲಿನ ನರ್ಸಮ್ಮ, "ಮಾತ್ರೆ ಒಂದೇ ಸಾಲದು. ಕುಡಿಯೋದು ಬಿಟ್ಟವರೇ ಸೇರ್ಕೊಂಡು ಸಭೆ ಮಾಡ್ತಾರೆ. ನಮ್ಮೂರಲ್ಲೂ ಎಲ್ಲೋ ನಡೀತದೆ ಅಂತಿದ್ರು, ವಿಚಾರಿಸಿ" ಅಂದರು.

ಆಚೆ ಬಂದು ಆಟೋ ಹತ್ತಿದೆವು. ಡ್ರೈವರು ಮುಖ ತಿರುಗಿಸಿ "ಎಲ್ಲಿಗಕ್ಕ?" ಅಂದ. ನಾನು "ಅದೇ, ಕುಡಿ..." ಅನ್ನುವಷ್ಟರಲ್ಲಿ ನಮ್ಮನೆಯವರು ನನ್ನ ಸೊಂಟಕ್ಕೆ ತಿವಿದರು. ಊರಿನ ಅರ್ಧ ಆಟೋದವರಿಗೆ ಅವರ ಗುರುತಿದೆ. ನಾನು ಮಾತು ತಿರುಗಿಸಿದೆ.

"ಎಣ್ಣೆ ಬಿಡಿಸ್ತಾರಂತಲ್ಲಪ್ಪ, ಆ ಜಾಗ ಗೊತ್ತಾ?"

"ಗೊತ್ತಿಲ್ದೆ ಏನಕ್ಕ! ನಮ್ಮತ್ತೆ ಮನೆಯೋರೂ ಅಲ್ಲೇ ಬಿಡಿಸೋದು. ಇಡೀ ತಾಲ್ಲೂಕಲ್ಲಿ ಅಂಥ ಜಾಗ ಇನ್ನೊಂದಿಲ್ಲ" ಅಂದ.

ನಮ್ಮನೆಯವರ ಮುಖ ಅರಳಿತು. "ನೋಡ್ದಾ, ಅತ್ತೆ ಮನೆಯೋರೆಲ್ಲ ಹೋಗ್ತಾರಂತೆ. ನಾನೊಬ್ಬನೇ ಅಲ್ಲ" ಅಂತ ನನ್ನ ಕಿವಿಯಲ್ಲಿ ಉಸುರಿದರು. ಆಟೋ ಸಂದಿಗೊಂದಿ ಸುತ್ತಿ ಒಂದು ಶೆಡ್ಡಿನ ಮುಂದೆ ನಿಂತಿತು. ಒಳಗೆ ಮರದ ಗಾಣ ಕಿರ್ರೋ ಅಂತ ತಿರುಗುತ್ತಿತ್ತು. ಹಿಂಡಿಯ ವಾಸನೆ ಘಮ್ಮೆನ್ನುತ್ತಿತ್ತು. ಗಾಣದಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನಮ್ಮಿಬ್ಬರ ಖಾಲಿ ಕೈ ನೋಡಿದರು.

"ಎಣ್ಣೆ ಬಿಡಿಸಾಕೆ ಬಂದ್ರಾ? ಕಡಲೆಬೀಜ ಎಲ್ಲಿ?"

ನಮ್ಮನೆಯವರು ಸಭೆಯ ನಿಯಮ ಇರಬೇಕು ಅಂದುಕೊಂಡರು. "ಬೀಜ ತರಬೇಕು ಅಂತ ನರ್ಸಮ್ಮ ಹೇಳ್ಲಿಲ್ವಲ್ಲ" ಅಂತ ನನ್ನ ಮೇಲೇ ರೇಗಿದರು. ಅಷ್ಟು ದೂರ ಹೋಗಿ, ಆಯಮ್ಮನ ಮುಂದೆ ಪೆಚ್ಚುಪೆಚ್ಚಾಗಿ ನಿಂತು, ಸುಮ್ಮನೆ ಬರಲು ಇಬ್ಬರಿಗೂ ನಾಚಿಕೆಯಾಯಿತು. ಹೀಗೆ ಎಣ್ಣೆ ಬಿಡಲು ಹೋದವರು ಒಂದು ಕ್ಯಾನ್ ಎಣ್ಣೆ ತಗೊಂಡು ಮನೆಗೆ ಬಂದೆವು.

ಹೆಸರಿಲ್ಲದ ಫೋನು

ಮತ್ತೆ ನರ್ಸಮ್ಮನ ಹತ್ತಿರ ಹೋಗಿ ಒಂದು ಫೋನ್ ನಂಬರ್ ಇಸಕೊಂಡು ಬಂದೆ. ಮಾಡಿದರೆ ಒಬ್ಬ ಗಂಡಸು ಎತ್ತಿದರು. ದನಿ ಬಹಳ ಮೆದು.

"ತಾವು ಯಾರು ಮಾತಾಡೋದು?" ಅಂದೆ.

"ನನ್ನ ಹೆಸರು ಬೇಡಮ್ಮ."

ಫೋನ್ ಮಾಡಿದಾಗಲೆಲ್ಲ ಮೋಸಗಾರರಿದ್ದಾರೆ ಎಚ್ಚರ ಅಂತ ಕೇಳಿ ಕೇಳಿ ಕಿವಿ ತೂತಾಗಿದೆ. "ಹೆಸರು ಯಾಕೆ ಬೇಡ? ಒಟಿಪಿ ಗಿಟಿಪಿ ಏನೂ ಕೊಡಲ್ಲ ನಾನು" ಅಂತ ಮೊದಲೇ ಹೇಳಿಬಿಟ್ಟೆ.

"ಏನೂ ಬೇಡಮ್ಮ. ದುಡ್ಡೂ ಬೇಡ."

ದುಡ್ಡೂ ಬೇಡ ಅಂದಮೇಲೆ ಅನುಮಾನ ಇನ್ನೂ ಜಾಸ್ತಿಯಾಯಿತು. ಆದರೂ ಮನುಷ್ಯ ಸಮಾಧಾನವಾಗಿ ಎಲ್ಲ ವಿವರಿಸಿದರು. ಅವರೂ ಒಂದು ಕಾಲಕ್ಕೆ ಕುಡಿದು ಮನೆಮಠ ಹಾಳು ಮಾಡಿಕೊಂಡವರಂತೆ. ಸಭೆಗೆ ಬರುವವರು ಯಾರೂ ಇನ್ನೊಬ್ಬರ ವಿಷಯ ಆಚೆ ಆಡುವುದಿಲ್ಲವಂತೆ. ಮನೆಯವರೂ ಜೊತೆಗೆ ಬರಬಹುದಂತೆ. ಶಿರಾದಲ್ಲಿ ಶನಿವಾರ ಇದೆ, ಪಾವಗಡದಲ್ಲಿ ಇದೆ, ಕೊರಟಗೆರೆಯಲ್ಲಿ ಭಾನುವಾರ ಇದೆ. ಕೊನೆಗೆ ಮತ್ತೊಮ್ಮೆ ಎಚ್ಚರಿಸಿದರು, "ಅಲ್ಲಿ ನಿಮ್ಮ ಯಜಮಾನರ ಹೆಸರನ್ನ ಯಾರ ಮುಂದೇನೂ ಹೇಳಬೇಕಾಗಿಲ್ಲಮ್ಮ. ಮೊದಮೊದಲು ಅಭ್ಯಾಸ ಆಗೋದು ಸ್ವಲ್ಪ ಕಷ್ಟ."

"ಸ್ವಾಮಿ, ಮದುವೆಯಾದಾಗಿನಿಂದ ನಾನು ಅವರ ಹೆಸರು ಹೇಳೇ ಇಲ್ಲ" ಅಂದೆ.

ಶಿರಾದ ಮಹಡಿ

ಶನಿವಾರ ಶಿರಾಕ್ಕೆ ಹೋದೆವು. ಮೆಟ್ಟಿಲು ಹತ್ತಿ ಮೇಲೆ ಹೋದರೆ ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಬಲಗಡೆ ಬಾಗಿಲ ಮೇಲೆ "ಇಂದೇ ನಿಮ್ಮ ಬದುಕು ಬದಲಾಯಿಸಿಕೊಳ್ಳಿ" ಅಂತ ಬ್ಯಾನರ್ ಕಟ್ಟಿತ್ತು. ನಮಗೆ ಬೇಕಾಗಿದ್ದೂ ಅದೇ ತಾನೇ? ಒಳಗೆ ಹೋಗಿ ಕೂತೆವು.

ಟೈ ಕಟ್ಟಿಕೊಂಡ ಒಬ್ಬ ಹುಡುಗ ಮುಂದೆ ನಿಂತಿದ್ದ. "ಹೊಸಬರು ಬಂದಿದ್ದಾರೆ. ಬನ್ನಿ ಸಾರ್, ನಿಮ್ಮ ಜೀವನದಲ್ಲಿ ಏನು ಕೊರತೆ ಇದೆ, ಮನಸ್ಸು ಬಿಚ್ಚಿ ಹೇಳಿ" ಅಂದ.

ನಮ್ಮನೆಯವರು ಎದ್ದು ನಿಂತರು. "ನಾನು ಪೇಂಟರ್. ದಿನಾ ಕುಡೀತಿದ್ದೆ. ಕೈ ನಡುಗ್ತದೆ. ಹೆಂಡ್ತಿ ಹೊಲಿದಿದ್ದನ್ನ ನಾನು ಕುಡ್ದೆ. ಮಗಳು ನನ್ನ ಮುಖ ನೋಡಿ ಮಾತಾಡಿ ಬಾಳ ದಿನ ಆಯ್ತು" ಅಂದರು. ನನಗೆ ಕಣ್ಣು ತುಂಬಿ ಬಂತು. ಮನೆಯಲ್ಲಿ ಒಂದು ದಿನಕ್ಕೂ ಆಡದ ಮಾತು.

ಟೈ ಹುಡುಗ ಟೈ ಸರಿಮಾಡಿಕೊಂಡ. "ಚಪ್ಪಾಳೆ! ಜೋರು ಚಪ್ಪಾಳೆ! ಇಂಥ ಪ್ರಾಮಾಣಿಕತೆ ಇರೋರೇ ನಮ್ಮ ಕಂಪನಿಗೆ ಬೇಕು. ಸಾರ್, ನೀವು ಬೆಳಿಗ್ಗೆ ಒಂದು ಚಮಚ ನಮ್ಮ ಪೌಡರ್ ತಗೊಳ್ಳಿ, ನಿಮ್ಮ ಕೆಳಗೆ ಆರು ಜನರನ್ನ ಸೇರಿಸಿ..."

ನಮ್ಮನೆಯವರು ನನ್ನ ಕಡೆ ಬಗ್ಗಿ, "ಆರು ಜನ ಕುಡುಕರನ್ನ ಎಲ್ಲಿಂದ ತರಾದು?" ಅಂದರು. ಆಮೇಲೆ ಒಂದು ಕ್ಷಣ ಯೋಚಿಸಿ, "ಸಿಗ್ತಾರೆ ಬುಡು" ಅಂದರು.

ಪಕ್ಕದ ಕುರ್ಚಿಯಲ್ಲಿ ಟೋಪಿ ಹಾಕಿದ ವಯಸ್ಸಾದ ಸಾಹೇಬರೊಬ್ಬರು ಕೂತಿದ್ದರು. ಮೆಲ್ಲಗೆ ನಮ್ಮ ಕಡೆ ವಾಲಿದರು. "ಅರೆ ಭಾಯ್, ನಿಮ್ದು ಮೀಟಿಂಗ್ ಬಾಜು ಕಮ್ರಾದಲ್ಲಿ. ನಂದೂ ಹಿಂಗೇ ಆಯ್ತು. ಆ ಕಡೆ ಹೋಗಾಕೆ ಬಂದು ಈ ಕಡೆ ಸಿಕ್ಕಾಕ್ಕೊಂಡೆ."

"ಮತ್ತೆ ನೀವಿನ್ನೂ ಇಲ್ಲೇ ಕೂತಿದೀರಲ್ಲ?"

ಸಾಹೇಬರು ಕಾಲಡಿಯ ಚೀಲ ತೋರಿಸಿದರು. ತುಂಬ ಪೌಡರ್ ಡಬ್ಬಿಗಳು. "ಶರಾಬು ಬಿಟ್ಟಾಯ್ತು ಭಾಯ್. ಈ ಪೌಡರ್ ಬಿಡಾಕಾಯ್ತಿಲ್ಲ" ಅಂದರು.

ತೆಲುಗಿನ ದೀರ್ಘ

ನಾವು ಬಿಡಿಸಿಕೊಂಡು ಆಚೆ ಬರುವಷ್ಟರಲ್ಲಿ ಎಡಗಡೆ ಕೋಣೆಯ ಸಭೆ ಮುಗಿದು ಬೀಗ ಬಿದ್ದಿತ್ತು. ಮತ್ತೆ ಶಿರಾಕ್ಕೆ ಬರಲು ನಮ್ಮನೆಯವರು ಒಪ್ಪಲಿಲ್ಲ. ಅವರ ಊರು ಮದಲೂರು ಕಡೆ. ಅಲ್ಲಿಯವರು ಸಂತೆಗೂ ಕೋರ್ಟಿಗೂ ಶಿರಾಕ್ಕೇ ಬರುವುದು. ಯಾರಾದರೂ ನೋಡಿಬಿಟ್ಟರೆ? ಅಷ್ಟರಲ್ಲಿ ಪಾವಗಡದ ಹತ್ತಿರ ವಳ್ಳೂರಿನ ಸೋಲಾರ್ ಪಾರ್ಕಿನ ಕಡೆ ಒಂದು ಗೇಟು, ಕಾಂಪೌಂಡಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿತು. ಕೆಲಸ ಮುಗಿಸಿಕೊಂಡು ಪಾವಗಡದ ಸಭೆಗೆ ಹೋಗತೊಡಗಿದರು. ಅಲ್ಲಿ ನಡೆದದ್ದನ್ನು ಅವರೇ ಬಂದು ಹೇಳಿದ್ದು.

ಆ ಕಡೆ ತೆಲುಗು ಜಾಸ್ತಿ. ಕನ್ನಡವೂ ಎಲ್ಲರಿಗೂ ಬರುತ್ತದೆ. ಆದರೆ ಇವರಿಗೆ, ಅವರೂರಿಗೆ ಹೋಗಿ ಅವರ ಮಾತಾಡದಿದ್ದರೆ ಹೆಂಗೆ ಅನ್ನುವ ಮರ್ಯಾದೆ. ಕೂಲಿಯವರ ಹತ್ತಿರ ನಾಲ್ಕು ಮಾತು ಕಲಿತುಕೊಂಡು ಹೋಗಿ ಸಭೆಯಲ್ಲಿ ಎದ್ದು ನಿಂತು, "ನೇನು ಈ ಪೊದ್ದು ತಾಗಾನು" ಅಂದರು. ನಾನು ಇವತ್ತು ಕುಡಿಯಲ್ಲ ಅಂತ ಇವರ ಲೆಕ್ಕ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮರುಕದಿಂದ ನೋಡಿದರು. ಒಬ್ಬ ಬೆನ್ನು ಸವರಿ, "ಪರವಾಲೇದನ್ನಾ, ಮಳ್ಳಿ ಮೊದಲುಪೆಟ್ಟು" ಅಂದ. ಪರವಾಗಿಲ್ಲ, ಮತ್ತೆ ಶುರು ಮಾಡು ಅಂತ ಅವನು ಹೇಳಿದ್ದು. ಇವರಿಗೆ ಕೇಳಿಸಿದ್ದು "ಪೆಟ್ಟು" ಒಂದೇ. ಹೊಡೆದೇ ಬಿಡಿಸುವ ಪದ್ಧತಿ ಇರಬೇಕು ಅಂತ ಮೈಯೆಲ್ಲ ಬಿಗಿ ಹಿಡಿದು ಕೂತರಂತೆ.

ಮುಂದಿನ ವಾರವೂ "ತಾಗಾನು". ಅದರ ಮುಂದಿನ ವಾರವೂ "ತಾಗಾನು". ಸಭೆಯವರ ಮುಖ ವಾರವಾರಕ್ಕೂ ಸಣ್ಣದಾಗುತ್ತಾ ಬಂತು. ಕೊನೆಗೆ ಒಬ್ಬರು ಕನ್ನಡದಲ್ಲೇ ಕೇಳಿದರು, "ಅಣ್ಣಾ, ಪ್ರತಿ ವಾರ ಬಂದು ಕುಡ್ದೆ ಕುಡ್ದೆ ಅಂತೀಯಲ್ಲ. ಏನು ಕಷ್ಟ ನಿಂದು, ನಿನ್ ಮಾತಲ್ಲೇ ಹೇಳು."

"ಅಯ್ಯೋ, ಎಲ್ಲಿ ಕುಡ್ದೆ? ಈಚೆಗೆ ಒಂದು ತೊಟ್ಟೂ ಮುಟ್ಟಿಲ್ವಲ್ಲ!"

ಆಗ ಗೊತ್ತಾಯಿತು. ತಾಗನು ಅಂದರೆ ಕುಡಿಯಲ್ಲ. "ಗ"ಕ್ಕೆ ದೀರ್ಘ ಎಳೆದರೆ ಕುಡಿದೆ. ಇಡೀ ಕೋಣೆ ಎದ್ದು ನಿಂತು ಒಬ್ಬೊಬ್ಬರಾಗಿ ತಬ್ಬಿಕೊಂಡರಂತೆ. ಒಂದು ಅಕ್ಷರ ಗಿಡ್ಡ ಮಾಡಿದ್ದಕ್ಕೆ ನಮ್ಮನೆಯವರು ಅಷ್ಟೂ ವಾರದ ಕುಡಿತ ಒಂದೇ ಏಟಿಗೆ ಬಿಟ್ಟರು.

ಯಾವ ಬಣ್ಣ?

ವಳ್ಳೂರಿನ ಕೆಲಸ ಮುಗಿದಮೇಲೆ ಪಾವಗಡ ದೂರವಾಯಿತು. ಕೊರಟಗೆರೆಗೆ ಹೋಗಲು ಶುರು ಮಾಡಿದರು. ಮಧುಗಿರಿಯಿಂದ ಪ್ರೈವೇಟ್ ಬಸ್ಸು ಒಂದರ ಹಿಂದೆ ಒಂದು ಇದೆ, ತೊಂದರೆಯಿಲ್ಲ. ಸಭೆ ನಡೆಯುವುದು ಒಂದು ಹಳೆಯ ಟ್ಯೂಷನ್ ಕೋಣೆಯಲ್ಲಿ. ನಡೆಸುವವರು ರಿಟೈರಾದ ಮೇಷ್ಟ್ರು. ಫೋನಿನಲ್ಲಿ ಮೆದುವಾಗಿ ಮಾತಾಡಿದ್ದವರು ಅವರೇ.

ಮೊದಲ ಭಾನುವಾರ ನಾನೂ ಹೋಗಿದ್ದೆ. ಒಬ್ಬೊಬ್ಬರೂ ತಮ್ಮ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರೆ ನಮ್ಮನೆಯವರು ಕತ್ತೆತ್ತಿ ಗೋಡೆಯನ್ನೇ ನೋಡುತ್ತಿದ್ದರು. ಅವರ ಸರದಿ ಬಂದಾಗ, "ಸಾರ್, ಆ ಮೂಲೇಲಿ ತೇವ ಎದ್ದೈತೆ. ಹಿಂಗೇ ಬಿಟ್ರೆ ಗಾರೆ ಉದುರ್ತದೆ. ನಾನೇ ಒಂದು ಕೈ ಬಣ್ಣ ಹೊಡ್ಕೊಡ್ತೀನಿ" ಅಂದರು.

ಮೇಷ್ಟ್ರು, "ನಾವು ಹೊರಗಿನವರಿಂದ ಏನೂ ತಗೊಳ್ಳಲ್ಲಪ್ಪ" ಅಂದರು.

"ನಾನೆಲ್ಲಿ ಹೊರಗಿನೋನು ಸಾರ್? ನಾನೂ ಕುಡುಕನೇ ಅಲ್ವಾ?"

ಆ ಮಾತನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ಯಾರೂ ನೋಡಿರಲಿಲ್ಲ. ಒಪ್ಪಿದರು. ಆದರೆ ಯಾವ ಬಣ್ಣ? ಅಲ್ಲಿ ಶುರುವಾಯಿತು ಜಗಳ.

"ತಿಳಿ ಹಳದಿ ಹೊಡೀರಿ, ಬೆಳಕಾಗ್ತದೆ" ಅಂದರು ಒಬ್ಬರು. "ಹಳದಿ ಬೇಡಪ್ಪ, ನನಗೆ ಬಿಯರ್ ನೆನಪಾಗ್ತದೆ" ಅಂದರು ಹಾಲಿನ ಡೇರಿಯವರು. ಕಂದು ಅಂದರೆ ಇನ್ನೊಬ್ಬರಿಗೆ ರಮ್ಮು. ಹಸಿರು ಅಂದರೆ ಬಾಟ್ಲಿಯೇ ಕಣ್ಣ ಮುಂದೆ. ಬಿಳಿ ಹೊಡೆಯೋಣ ಅಂದರೆ ಮೂಲೆಯಲ್ಲಿದ್ದ ತಾತ, "ಬ್ಯಾಡ, ಬ್ಯಾಡ! ನಮ್ ಕಾಲದ ಪ್ಯಾಕೆಟ್ ಸಾರಾಯಿ ಅದೇ ಬಣ್ಣ" ಅಂದರು. ಕುಡಿತ ಬಿಡುವ ವಿಷಯದಲ್ಲಿ ಒಗ್ಗಟ್ಟಾಗಿದ್ದವರು ಬಣ್ಣದ ವಿಷಯದಲ್ಲಿ ಎರಡು ಪಾರ್ಟಿಯಾದರು.

ಕೊನೆಗೆ ನಮ್ಮನೆಯವರು, "ತಿಳಿ ನೀಲಿ? ನೀರಿನ ಬಣ್ಣ?" ಅಂದರು.

ಎಲ್ಲರೂ ಕಣ್ಣು ಮುಚ್ಚಿ ಯೋಚಿಸಿದರು. ಯಾರಿಗೂ ಏನೂ ನೆನಪಾಗಲಿಲ್ಲ.

"ಹೊಡಿಯಪ್ಪ. ನಮ್ಮಲ್ಲಿ ಯಾರೂ ನೀರು ಬೆರೆಸ್ಕೊಂಡು ಕುಡಿದೋರಲ್ಲ" ಅಂದರು ಮೇಷ್ಟ್ರು.

ಹೆಣ್ಣು ನೋಡಲು ಬಂದವರು

ಎಲ್ಲ ನೆಟ್ಟಗೆ ನಡೆಯುತ್ತಿದೆ ಅನ್ನುವಾಗಲೇ ನಮ್ಮ ದಾಯಾದಿಗಳ ಮನೆಯ ಬೀಗರೂಟ ಬಂತು. ಮರಿ ಕಡಿದಿದ್ದರು. ಊಟದ ಹಿಂದೆ ಇನ್ನೊಂದು ಏರ್ಪಾಡೂ ಇತ್ತು. "ಒಂದೇ ಒಂದು, ಮರ್ಯಾದೆಗೆ" ಅಂದರಂತೆ. ಇವರು ಆ ಮರ್ಯಾದೆಯನ್ನು ಎರಡು ದಿನ ಕಾಪಾಡಿದರು. ಆಮೇಲೆ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಸಭೆಗೆ ಹೋಗಲು ಮುಖವಿಲ್ಲ. ಫೋನ್ ಬಂದರೆ ಎತ್ತಲಿಲ್ಲ. ನಾನೂ ಅವತ್ತು ಮೆಷಿನ್ ಮೇಲೆ ಬಟ್ಟೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಸಂಜೆ ಕೊರಟಗೆರೆಯಿಂದ ಮೇಷ್ಟ್ರು, ಡೇರಿಯವರು ಇಬ್ಬರೂ ಬಂದರು. ಮೇಷ್ಟ್ರು ಬಿಳಿ ಪಂಚೆ, ಡೇರಿಯವರು ಇಸ್ತ್ರಿ ಶರಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಪಕ್ಕದ ಮನೆಯವರು ಅಂಗನವಾಡಿ ಟೀಚರ್. ಅವರ ಕಣ್ಣು ತಪ್ಪಿಸಿ ನಮ್ಮ ಬೀದಿಗೆ ಬೆಕ್ಕೂ ಬರುವುದಿಲ್ಲ.

"ಯಾರ ಮನೆಗೆ? ಏನು ವಿಷಯ?" ಅಂದರಂತೆ.

ಮೇಷ್ಟ್ರು ನಿಜ ಹೇಳುವ ಹಾಗಿಲ್ಲ. ಬಾಯಿಗೆ ಬಂದದ್ದು, "ಸಂಬಂಧದ ಕಡೆಯವರು ತಾಯಿ. ಪೇಂಟರ್ ಮನೆಗೆ."

ಒಳಗೆ ಬಂದವರು ಕುರ್ಚಿ ಹಾಕಿದರೂ ಕೂರದೆ, ಕಂಬಳಿಯ ಪಕ್ಕ ನೆಲದ ಮೇಲೆ ಕೂತರು. ಕಂಬಳಿಯೊಳಗಿಂದ, "ಬಿದ್ದೋದೆ ಸಾರ್" ಅಂತ ಕೇಳಿಸಿತು.

"ಬಿದ್ದೋನು ನೀನೊಬ್ಬನೇ ಏನಪ್ಪ? ನಾನು ಬಿಟ್ಟು ವರ್ಷ ಕಳೆದಮೇಲೆ ಬಿದ್ದೆ. ಅದೂ ಸ್ಕೂಲಿನ ಧ್ವಜದ ಕಂಬದ ಕೆಳಗೆ, ಮಕ್ಕಳ ಎದುರಿಗೆ. ಎದ್ದೆನಲ್ಲ? ಏಳು, ಮೊದಲು ಟೀ ಕುಡಿ" ಅಂದರು ಮೇಷ್ಟ್ರು.

ಮಗಳು, ಪಿಯುಸಿ ಮೊದಲ ವರ್ಷದವಳು, ತಟ್ಟೆಯಲ್ಲಿ ಟೀ ಲೋಟ ಇಟ್ಟುಕೊಂಡು ತಲೆ ತಗ್ಗಿಸಿ ಬಂದಳು. ಅದೇ ಹೊತ್ತಿಗೆ ಟೀಚರ್ ಕಿಟಕಿಯಲ್ಲಿ ಇಣುಕಿದರು. ಹಣ್ಣು, ಹೊಸ ಗಂಡಸರು, ತಟ್ಟೆ ಹಿಡಿದ ಹುಡುಗಿ. ಬಾಗಿಲು ದೂಡಿಕೊಂಡು ನುಗ್ಗಿದರು.

"ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ! ಈಗಲೇ ಫೋನ್ ಮಾಡ್ತೀನಿ, ಎಲ್ಲರೂ ಒಳಗೆ ಹೋಗ್ತೀರ! ಗಂಡು ಯಾರು ಇದರಲ್ಲಿ?" ಡೇರಿಯವರನ್ನು ನೋಡಿದರು. ಅವರ ಕೂದಲೆಲ್ಲ ನೆರೆತಿದೆ. "ಇವನಾ? ನಾಚಿಕೆ ಆಗಲ್ವೇನಯ್ಯಾ ನಿನಗೆ?"

ಡೇರಿಯವರ ಗಂಟಲಲ್ಲಿ ಬಾಳೆಹಣ್ಣು ಸಿಕ್ಕಿಕೊಂಡಿತು. ಆಗ ಕಂಬಳಿ ಸರಿಯಿತು. ನಮ್ಮನೆಯವರು ಎದ್ದು ಕೂತರು.

"ಅಕ್ಕ, ಅವರು ಮಗಳನ್ನ ನೋಡಾಕೆ ಬಂದೋರಲ್ಲ, ನನ್ನ ನೋಡಾಕೆ ಬಂದವ್ರೆ. ಬಿಟ್ಟಿದ್ದೆ, ಮತ್ತೆ ಕುಡ್ದುಬುಟ್ಟೆ. ಎಬ್ಬಿಸಾಕೆ ಬಂದವ್ರೆ."

ಟೀಚರ್ ಹಾಗೇ ಕುರ್ಚಿಯಲ್ಲಿ ಕುಸಿದು ಕೂತರು. ಸೆರಗಿನಿಂದ ಕಣ್ಣೊತ್ತಿಕೊಂಡು, "ಮೊದಲೇ ಹೇಳಬಾರದಾ? ನಾನೂ ಒಂದು ಲೋಟ ಟೀ ಕುಡೀತೀನಿ" ಅಂದರು. ಮಗಳು ಅಪ್ಪನ ಕೈಗೆ ಲೋಟ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ಆ ಭಾನುವಾರ ನಮ್ಮನೆಯವರು ಸಭೆಗೆ ಹೋದರು. ಡೇರಿಯವರೂ ಬಂದಿದ್ದರಂತೆ, ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡು.

ಬಿಳಿ ಅಂಗಿ

ಇದೆಲ್ಲ ಒಂದು ತೂಕ, ನಮ್ಮ ಅತ್ತೆಯದೇ ಒಂದು ತೂಕ.

ಅತ್ತೆ ಮದಲೂರು ಕಡೆ ಹಳ್ಳಿಯಲ್ಲಿ ಕುರಿ ಮೇಯಿಸಿಕೊಂಡು ಗಟ್ಟಿಮುಟ್ಟಾಗಿರುವವರು. ಅವರ ಮುಂದೆ ಮಗ ಕುಡಿಯುತ್ತಾನೆ ಅಂತ ಯಾರೂ ಅನ್ನುವ ಹಾಗಿರಲಿಲ್ಲ. "ನನ್ ಮಗ ಮುಟ್ಟಾಕಿಲ್ಲ. ಅದು ಟರ್ಪೆಂಟೈನ್ ವಾಸ್ನೆ" ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದಕ್ಕೇ ನಮ್ಮನೆಯವರು, "ಅವ್ವಂಗೆ ಸಭೆ ವಿಷ್ಯ ಹೇಳ್ಬೇಡ ಕಣೇ. ಕುಡೀತಿದ್ದೆ ಅಂತ ಗೊತ್ತಾದ್ರೆ ಎದೆ ಒಡ್ಕಂತಾಳೆ" ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು.

ಅತ್ತೆ ಮೊಮ್ಮಗಳನ್ನು ನೋಡಿಕೊಂಡು ನಾಲ್ಕು ದಿನ ಇರಲು ಬಂದರು. ಭಾನುವಾರ ಮಗ ಗಡ್ಡ ಹೆರೆದು, ಪೌಡರ್ ಹಾಕಿ, ಬಿಳಿ ಅಂಗಿ ತೊಟ್ಟು ಕೊರಟಗೆರೆಗೆ ಹೊರಟರು. "ಕೆಲ್ಸದ ಮೇಲೆ ಕೊರಟಗೆರೆಗೆ ಹೋಗಿದ್ದು ಬರ್ತೀನವ್ವ" ಅಂದರು. ಅತ್ತೆ ಅವರು ಬೀದಿ ತಿರುಗುವವರೆಗೂ ನೋಡಿದರು.

"ಬಿಳೀ ಅಂಗಿ ಹಾಕ್ಕಂಡು ಬಣ್ಣ ಬಳಿಯಾಕೆ ಹೋದ್ನೇನೇ?"

ನಾನು ಬಾಯಿಯಲ್ಲಿ ದಾರ ಕಚ್ಚಿಕೊಂಡು ಬ್ಲೌಸಿನ ಕಡೆ ನೋಡಿದೆ.

"ಮಾತಾಡಾಕಿಲ್ಲ ನೀನು. ಪೆದ್ದಮುಂಡೇದೇ, ನಿನ್ ಬಾಳು ಹಾಳಾಗೋಯ್ತದೆ. ಕೊರಟಗೆರೇಲಿ ಯಾವಳನ್ನೋ ಮಡಿಕಂಡವ್ನೆ!"

ನನಗೆ ನಗುವೂ ಬಂತು, ಭಯವೂ ಆಯಿತು. ಅದೆಲ್ಲ ಇಲ್ಲ ಅತ್ತೆ ಅಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಆಚೆ ಬಂದೆ. ಪಕ್ಕದ ಮನೆ ಟೀಚರ್, "ನಿಮ್ಮತ್ತೆ ಕೊರಟಗೆರೆ ಬಸ್ಸಿಗೆ ಹೋದ್ರಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿತ್ತು" ಅಂದರು. ನಾನು ಓಡಿ ಹಿಂದಿನ ಬಸ್ಸು ಹತ್ತಿದೆ.

ಕೊರಟಗೆರೆಯಲ್ಲಿ ಇಳಿದವರನ್ನೆಲ್ಲ ಅತ್ತೆ, "ಬಿಳೀ ಅಂಗಿ ಪೇಂಟರ್ ಎಲ್ಲಿಗೋಗ್ತಾನೆ?" ಅಂತ ಕೇಳಿಕೊಂಡು ಟ್ಯೂಷನ್ ಕೋಣೆ ಮುಟ್ಟಿಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ನಮ್ಮನೆಯವರು ಗೇಟಿನ ಹತ್ತಿರ ಸಿಕ್ಕರು. ಅವತ್ತು ಟೀ ತರುವ ಸರದಿ ಅವರದು, ಕೈಯಲ್ಲಿ ಫ್ಲಾಸ್ಕ್. "ನೀನ್ಯಾಕೆ ಬಂದೆ?" ಅನ್ನುವಾಗಲೇ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಇಬ್ಬರೂ ಬಾಗಿಲ ಪಕ್ಕ ಕಲ್ಲಾಗಿ ನಿಂತೆವು.

ಅತ್ತೆ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಹೆಂಗಸರು ಒಬ್ಬರೇ ಬರುವುದು ಅಪರೂಪ. ಮೇಷ್ಟ್ರು ಭಕ್ತಿಯಿಂದ ಕೈ ಮುಗಿದು ನಿಂತಿದ್ದರು.

"ಇಲ್ಲಿಗೆ ಬರೋಕೆ ಧೈರ್ಯ ಬೇಕು ತಾಯಿ."

"ಧೈರ್ಯಕ್ಕೇನು, ಚಪ್ಲಿ ತಂದಿವ್ನಿ" ಅಂದರು ಅತ್ತೆ.

"ಎಷ್ಟು ದಿನದಿಂದ ಇದೆ ತಾಯಿ ಇದು?"

"ಎಷ್ಟು ದಿನದಿಂದ ಐತೋ ಶಿವನಿಗೇ ಗೊತ್ತು. ನನಗೆ ತಿಳಿದಿದ್ದು ಇವತ್ತು."

"ನಮಗೂ ತಡವಾಗೇ ತಿಳಿದಿದ್ದು. ದಿನಾನಾ?"

"ಭಾನ್ವಾರ ಭಾನ್ವಾರ ಅಂತ ಕಾಣ್ತದೆ."

"ಮನೇಲಿ ಗೊತ್ತಾ?"

"ಸೊಸೆಗೆ ಗೊತ್ತು. ಬಾಯಿ ಬಿಡಾಕಿಲ್ಲ ಆ ಪೆದ್ದಿ."

"ಬಿಡಬೇಕು ಅನ್ನೋ ಮನಸ್ಸು ಇದೆಯಾ ತಾಯಿ?"

ಅತ್ತೆ ಕುರ್ಚಿಯಿಂದೆದ್ದು ಚಪ್ಪಲಿ ಮೇಲಕ್ಕೆತ್ತಿದರು. "ಬಿಡಿಸ್ದೆ ಇಲ್ಲಿಂದ ಕದಲಾಕಿಲ್ಲ ನಾನು!"

ಚಪ್ಪಾಳೆಯೋ ಚಪ್ಪಾಳೆ. ಡೇರಿಯವರಂತೂ ಕಣ್ಣೀರು ಹಾಕಿದರು. ನಮ್ಮನೆಯವರ ಕೈಯಿಂದ ಫ್ಲಾಸ್ಕ್ ಜಾರಿ ಬಿತ್ತು.

"ಅವ್ವಾ... ನೀನೂನಾ?"

ಅತ್ತೆ ತಿರುಗಿದರು. "ಬಂದ್ಯೇನ್ಲಾ! ಎಲ್ಲವ್ಳೆ ಅವಳು?"

"ಯಾವಳು?"

"ಅದೇ, ನೀನು ಪೌಡ್ರು ಹಾಕ್ಕಂಡು ನೋಡಾಕೆ ಬರ್ತೀಯಲ್ಲ, ಅವಳು!"

ಅತ್ತೆ ಸುತ್ತ ನೋಡಿದರು. ಗಡ್ಡ, ಮೀಸೆ, ಬೋಳುತಲೆ. ಅವಳು ಅನ್ನಿಸಿಕೊಳ್ಳುವಂಥ ಒಂದು ಮುಖವೂ ಇಲ್ಲ. ನಮ್ಮನೆಯವರು ಮುಂದೆ ಹೋಗಿ ಅವ್ವನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಯಾವಳೂ ಇಲ್ಲ ಕಣವ್ವ. ನಾನು ಕುಡೀತಿದ್ದೆ. ಬಾಳ ಕುಡೀತಿದ್ದೆ. ಇವರೆಲ್ಲ ನನ್ನಂಗೇ ಕುಡಿದು ಬಿಟ್ಟೋರು. ಬಿಡಾಕೆ ಅಂತ ಇಲ್ಲಿಗೆ ಬರ್ತೀನಿ. ನಿನ್ನ ಎದೆ ಒಡೀತದೆ ಅಂತ ಹೇಳ್ಲಿಲ್ಲ."

ಅತ್ತೆ ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕೆ ಹಾಕಿ ಮೆಟ್ಟಿಕೊಂಡರು.

"ಕುಡಿಯೋದು ನನಗೆ ಗೊತ್ತಿಲ್ವೇನ್ಲಾ? ಟರ್ಪೆಂಟೈನ್ ಯಾವ್ದು, ಅದ್ಯಾವ್ದು ಅಂತ ತಿಳಿಯಾಕಿಲ್ವಾ ನನಗೆ? ನಿಮ್ಮಪ್ಪನ ಜೊತೆ ಬಾಳಿದೋಳು ನಾನು. ಅವನೇನು ಬಣ್ಣ ಬಳೀತಿದ್ನಾ?"

ಯಾರೋ ಪಕ್ಕನೆ ನಕ್ಕರು. ಅತ್ತೆಯೂ ನಕ್ಕರು. ನಗುತ್ತಲೇ ಮುಖ ಮುಚ್ಚಿಕೊಂಡರು. "ಇಂಥದೊಂದು ಜಾಗ ಆಗ್ಲೂ ಇತ್ತಾ ಸ್ವಾಮಿ? ಇದ್ದಿದ್ರೆ ಅವನ ಕೈ ಹಿಡ್ಕಂಡು ಎಳ್ಕಂಡು ಬಂದ್ಬುಡ್ತಿದ್ದೆ" ಅಂದರು. ನಮ್ಮನೆಯವರು ಅವ್ವನ ಸೆರಗಿನಲ್ಲೇ ಮುಖ ಒರೆಸಿಕೊಂಡರು.

ಹೊರಡುವ ಮುಂಚೆ ಮೇಷ್ಟ್ರು ಅತ್ತೆಗೆ ನಿಧಾನವಾಗಿ ತಿಳಿಸಿ ಹೇಳಿದರು. "ತಾಯಿ, ಇಲ್ಲಿ ನೋಡಿದ್ದು, ಕೇಳಿದ್ದು ಆಚೆ ಎಲ್ಲೂ ಆಡಬಾರದು. ಅದೇ ನಮ್ಮ ನಿಯಮ."

"ನನ್ ಹೊಟ್ಟೇಲಿ ಹಾಕ್ಕಂಡೆ ಬುಡಿ" ಅಂದರು ಅತ್ತೆ.

ಬಸ್ಸು ಕೊರಟಗೆರೆ ದಾಟುವವರೆಗೆ ಹೊಟ್ಟೆಯಲ್ಲಿತ್ತು. ಆಮೇಲೆ ತಡೆಯಲಾಗಲಿಲ್ಲ. ಮುಂದಿನ ಸೀಟಿನವಳ ಭುಜ ತಟ್ಟಿ, "ನನ್ ಮಗ ಕುಡಿಯಾದು ಬುಟ್ಟವ್ನೆ ಕಣಮ್ಮ!" ಅಂದರು. ಹಿಂದಿನ ಸೀಟಿಗೂ ಹೇಳಿದರು. ಯಾವ ಬೀದಿ, ಯಾವ ಕೋಣೆ, ಎಷ್ಟು ಗಂಟೆಗೆ, ಗೋಡೆಗೆ ಯಾವ ಬಣ್ಣ, ಎಲ್ಲ ಹೇಳಿದರು. ನಮ್ಮನೆಯವರು ಕರ್ಚೀಫಿನಲ್ಲಿ ಮುಖ ಮುಚ್ಚಿ ಕೂತಿದ್ದರು. ಅತ್ತೆ ಆ ಕರ್ಚೀಫನ್ನೂ ಕಿತ್ತು, "ಇವ್ನೇ ನೋಡ್ರಿ" ಅಂತ ತೋರಿಸಿದರು.

ಮಧುಗಿರಿ ಬಂತು. ಎಲ್ಲರೂ ಇಳಿದಮೇಲೆ ಕಂಡಕ್ಟರು, ದಪ್ಪ ಮೀಸೆಯ ಮನುಷ್ಯ, ಅತ್ತೆಯ ಕೈ ಹಿಡಿದು ಇಳಿಸುವ ನೆಪದಲ್ಲಿ ಬಗ್ಗಿದ. ಅತ್ತಿತ್ತ ನೋಡಿ, ತುಟಿ ಅಲುಗದ ಹಾಗೆ ಕೇಳಿದ.

"ಅಜ್ಜಿ, ಎಷ್ಟು ಗಂಟೆಗೆ ಅಂದ್ರಿ ಅದು?"

ಅತ್ತೆ ಅವನ ಬೆನ್ನು ಸವರಿದರು. ಅವರ ಕಣ್ಣು ಮತ್ತೆ ತುಂಬಿತು. ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿ ಹೇಳಿದರು:

"ಭಾನ್ವಾರ ನಾಕು ಗಂಟೆಗೆ ಕಣಪ್ಪ ಕಂಡಕ್ಟ್ರೇ! ಧೈರ್ಯವಾಗಿ ಬಾ! ನಾವು ಯಾರ್ಗೂ ಹೇಳಾಕಿಲ್ಲ!"